ಉದ್ರಿ, ಜಮೆ ಮತ್ತು ಪರೀಕ್ಷೆಯ ಭಾಷೆ: ಹುಪರಿ ಸೀಮೆಯಿಂದ ಒಂದು ವಿವೇಚನೆ

ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ತಾಲೂಕಿನ ಹುಪರಿ ಬೆಳ್ಳಿ ಆಭರಣಗಳಿಗೆ, ವಿಶೇಷವಾಗಿ ಕಾಲ್ಗೆಜ್ಜೆಗಳಿಗೆ, ಹೆಸರಾದ ಊರು. ಅಲ್ಲಿಂದ ಸ್ವಲ್ಪ ದೂರದಲ್ಲಿ ಮಗ್ಗಗಳ ಪಟ್ಟಣವಾದ ಇಚಲಕರಂಜಿ ಇದೆ. ದಕ್ಷಿಣಕ್ಕೆ ಹೋದರೆ ಕನ್ನಡ ಮಾತು ಕಿವಿಗೆ ಬೀಳುವ ಗಡಹಿಂಗ್ಲಜ ಸೀಮೆ. ಈ ಮೂರು ಊರುಗಳ ಕಸುಬು ಬೇರೆ ಬೇರೆಯಾದರೂ ಅವುಗಳನ್ನು ನಡೆಸುವ ಶಕ್ತಿ ಒಂದೇ. ಅದನ್ನು ಇಲ್ಲಿಯ ಕನ್ನಡಿಗರು ಉದ್ರಿ ಎನ್ನುತ್ತಾರೆ, ಮರಾಠಿಗರು ಉಧಾರಿ ಎನ್ನುತ್ತಾರೆ. ಸರಕನ್ನು ಇಂದು ಕೊಟ್ಟು ಹಣವನ್ನು ಮುಂದೆ ಪಡೆಯುವ ಈ ವ್ಯವಹಾರದಲ್ಲಿ ಯಾರಿಗೆ, ಎಷ್ಟು, ಎಷ್ಟು ದಿನಗಳಿಗೆ ಕೊಡಬಹುದೆಂದು ನಿರ್ಣಯಿಸುವವನ ವಿವೇಕದ ಮೇಲೆ ಇಡೀ ಪೇಟೆಯ ಕ್ಷೇಮ ನಿಂತಿದೆ. ಈ ವಿವೇಕವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಪದ್ಧತಿ ಈಗ ಹಲವು ದೇಶಗಳಲ್ಲಿ ನೆಲೆಗೊಂಡಿದೆ. ಅಂಥ ಪರೀಕ್ಷೆಗಳನ್ನು ಹೇಗೆ ನಡೆಸಲಾಗುತ್ತದೆ ಮತ್ತು ಗಡಿಯ ಕನ್ನಡಿಗನಿಗೆ ಅವುಗಳಲ್ಲಿ ಎಂಥ ಸ್ಥಾನವಿದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಉದ್ರಿಯ ವಿದ್ಯೆ

ಮೊದಲು ಪರೀಕ್ಷಿಸಬೇಕಾದ ವಿದ್ಯೆ ಯಾವುದೆಂದು ತಿಳಿಯಬೇಕು. ಬೆಳ್ಳಿಯ ವ್ಯವಹಾರದಿಂದ ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ವ್ಯಾಪಾರಿಯೊಬ್ಬನು ಕುಶಲಕರ್ಮಿಗೆ 10 ಕಿಲೋ ಶುದ್ಧ ಬೆಳ್ಳಿಯನ್ನು ಕೊಡುತ್ತಾನೆ. ಕೆಲವು ವಾರಗಳ ಬಳಿಕ ಕುಶಲಕರ್ಮಿ 60 ಟಂಚಿನ, ಎಂದರೆ ನೂರಕ್ಕೆ ಅರವತ್ತು ಪಾಲು ಶುದ್ಧವಾದ, 16 ಕಿಲೋ ಗೆಜ್ಜೆಗಳನ್ನು ಒಪ್ಪಿಸುತ್ತಾನೆ. ಅದರಲ್ಲಿರುವ ಶುದ್ಧ ಬೆಳ್ಳಿ 9.6 ಕಿಲೋ. ಕರಗಿಸುವಾಗ ಆಗುವ ಸವಕಳಿಯನ್ನು ಬದಿಗಿಟ್ಟರೆ ಉಳಿದ 400 ಗ್ರಾಂ ಅವನ ಮೇಲಿನ ಬಾಕಿ. ಬೆಳ್ಳಿ ಕೊಟ್ಟ ದಿನ ಕಿಲೋಗೆ 70,000 ರೂಪಾಯಿ ದರವಿದ್ದು, ಲೆಕ್ಕ ತೀರಿಸುವ ದಿನ 90,000 ಆಗಿದ್ದರೆ, ಆ ಬಾಕಿ 28,000 ರೂಪಾಯಿಯೋ 36,000 ರೂಪಾಯಿಯೋ? ಸಾಲವನ್ನು ಲೋಹದಲ್ಲಿ ಬರೆದಿದ್ದರೆ ಏರಿದ ದರದ ಭಾರ ಕುಶಲಕರ್ಮಿಯದು. ಹಣದಲ್ಲಿ ಬರೆದಿದ್ದರೆ ವ್ಯಾಪಾರಿಯದು. ವ್ಯವಹಾರ ಆರಂಭವಾಗುವ ಮೊದಲೇ ಈ ಪ್ರಶ್ನೆಯನ್ನು ಕೇಳಬಲ್ಲವನೇ ಉದ್ರಿಯ ವಿದ್ಯೆಯನ್ನು ಬಲ್ಲವನು.

ಇಚಲಕರಂಜಿಯ ಲೆಕ್ಕ ಇನ್ನೊಂದು ಬಗೆಯದು. ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಪ್ರೋತ್ಸಾಹದಿಂದ ವಿಠ್ಠಲರಾವ್ ದಾತಾರರು 1904ರಲ್ಲಿ ಅಲ್ಲಿ ಮೊದಲ ವಿದ್ಯುನ್ಮಗ್ಗವನ್ನು ಸ್ಥಾಪಿಸಿದರು. ಅಲ್ಲಿಂದ ಬೆಳೆದ ಬಟ್ಟೆಯ ಪೇಟೆಯಲ್ಲಿ ನೂಲೂ ಉದ್ರಿ, ಬಟ್ಟೆಯೂ ಉದ್ರಿ. ವರ್ಷಕ್ಕೆ 1 ಕೋಟಿ 20 ಲಕ್ಷ ರೂಪಾಯಿಯ ಮಾರಾಟವುಳ್ಳ ಒಬ್ಬ ವ್ಯಾಪಾರಿಗೆ 30 ಲಕ್ಷ ರೂಪಾಯಿ ಬರಬೇಕಾಗಿದ್ದರೆ ಅವನ ಹಣ ಸರಾಸರಿ 91 ದಿನ ಪರರ ಕೈಯಲ್ಲಿದೆ ಎಂದು ಅರ್ಥ. ನೂರಕ್ಕೆ ನಾಲ್ಕು ರೂಪಾಯಿ ಲಾಭದಲ್ಲಿ ಮಾರುವವನು ಒಂದು ಲಕ್ಷ ರೂಪಾಯಿಯನ್ನು ಕಳೆದುಕೊಂಡರೆ, ಅದನ್ನು ತುಂಬಿಕೊಳ್ಳಲು ಇನ್ನೂ 25 ಲಕ್ಷ ರೂಪಾಯಿಯ ಬಟ್ಟೆಯನ್ನು ಮಾರಬೇಕು. ಇದರ ಜೊತೆಗೆ ಕಾಯಿದೆಯ ತಿಳಿವಳಿಕೆಯೂ ಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯ ಪ್ರಕಾರ ಕೊಳ್ಳುವವನು ಒಪ್ಪಿದ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಚೆಕ್ಕು ಹಿಂದಿರುಗಿದರೆ 1881ರ ವರ್ಗಾವಣೀಯ ಸಾಧನಗಳ ಕಾಯಿದೆಯ 138ನೆಯ ಕಲಮು ಅನ್ವಯಿಸುತ್ತದೆ.

ಸಾಲ ಪಡೆಯುವವನ ನಡತೆ, ತೀರಿಸುವ ಶಕ್ತಿ, ಸ್ವಂತ ಬಂಡವಾಳ, ಒತ್ತೆಯ ಆಸ್ತಿ ಮತ್ತು ಕಾಲದ ಪರಿಸ್ಥಿತಿ ಎಂಬ ಐದು ಅಂಶಗಳನ್ನು ತೂಗಬೇಕೆಂದು ಅನೇಕ ಪಠ್ಯಪುಸ್ತಕಗಳು ಹೇಳುತ್ತವೆ. ಹುಪರಿಯ ಹಿರಿಯ ವ್ಯಾಪಾರಿ ಪುಸ್ತಕವನ್ನು ಓದದೆಯೂ ಈ ಐದನ್ನು ತೂಗುತ್ತಾನೆ. ಆದರೆ ಅವನ ತೂಕ ಅವನಿಗೆ ಮಾತ್ರ ಗೊತ್ತು. ಆ ಜ್ಞಾನವನ್ನು ಅಪರಿಚಿತರೂ ನಂಬುವಂತೆ ಮಾಡುವ ಸಾಧನವೇ ಪ್ರಮಾಣಪತ್ರ.

ಪ್ರಮಾಣೀಕರಣದ ಹುಟ್ಟು

ಅಮೆರಿಕದಲ್ಲಿ ಉದ್ರಿ ವ್ಯವಸ್ಥಾಪಕರು 1896ರಲ್ಲಿ ಒಹಾಯೊ ರಾಜ್ಯದ ಟೊಲೀಡೊ ನಗರದಲ್ಲಿ ತಮ್ಮ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ನ್ಯಾಷನಲ್ ಅಸೋಸಿಯೇಷನ್ ಆಫ್ ಕ್ರೆಡಿಟ್ ಮ್ಯಾನೇಜ್‌ಮೆಂಟ್ ಎಂಬ ಈ ಸಂಸ್ಥೆ ಇಂದು ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆಗಳನ್ನು ನಡೆಸುತ್ತದೆ. ಲೆಕ್ಕಪತ್ರದ ಮೂಲತತ್ತ್ವ, ಹಣಕಾಸಿನ ತಃಖ್ತೆಗಳ ವಿಶ್ಲೇಷಣೆ ಮತ್ತು ವ್ಯಾಪಾರೀ ಸಾಲದ ನಿಯಮಗಳು ಮೊದಲ ಮೆಟ್ಟಿಲಿನಲ್ಲಿ ಬರುತ್ತವೆ. ಅನುಭವಿಗಳ ಸಮಗ್ರ ಪರೀಕ್ಷೆ ಕೊನೆಯದರಲ್ಲಿ. ಇಂಗ್ಲೆಂಡಿನಲ್ಲಿ ಇದೇ ಬಗೆಯ ಸಂಸ್ಥೆ 1939ರಲ್ಲಿ ಹುಟ್ಟಿತು.

ಭಾರತದಲ್ಲಿ ಈ ಕಾರ್ಯ ಬ್ಯಾಂಕುಗಳ ಸುತ್ತ ಬೆಳೆಯಿತು. 1928ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್ ಎಂದು ಕರೆಯಲ್ಪಡುವ ಸಂಸ್ಥೆ ಬ್ಯಾಂಕು ನೌಕರರ ಪರೀಕ್ಷೆಗಳನ್ನು ನಡೆಸುತ್ತ ಬಂದಿದೆ. 2016ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಸಾಲ ನಿರ್ವಹಣೆ, ಖಜಾನೆ, ಅಪಾಯ ನಿರ್ವಹಣೆ ಮತ್ತು ಲೆಕ್ಕಪತ್ರ ಎಂಬ ಕ್ಷೇತ್ರಗಳಲ್ಲಿ ದುಡಿಯುವವರಿಗೆ ಪ್ರಮಾಣಪತ್ರ ಇರಬೇಕೆಂಬ ಧೋರಣೆಯನ್ನು ಬ್ಯಾಂಕುಗಳ ಮುಂದಿಟ್ಟಿತು. ಆ ಸಂಸ್ಥೆಯ ಸರ್ಟಿಫೈಡ್ ಕ್ರೆಡಿಟ್ ಪ್ರೊಫೆಷನಲ್ ಪರೀಕ್ಷೆಗೆ ಇದರಿಂದ ಮಹತ್ವ ಹೆಚ್ಚಿತು.

ಸಹಕಾರ ಕ್ಷೇತ್ರದ ಹಾದಿ ಬೇರೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಮರುವರ್ಷವೇ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಆರಂಭಿಸಿದರು. ನಾವು ಪತ್ತಿನ ಸಂಘ ಎನ್ನುವುದನ್ನೇ ಮಹಾರಾಷ್ಟ್ರದಲ್ಲಿ ಪತಸಂಸ್ಥೆ ಎನ್ನುತ್ತಾರೆ. ಪತ್ತು ಎಂದರೆ ಊರಿನವರು ಒಬ್ಬನ ಮೇಲೆ ಇಟ್ಟ ನಂಬಿಕೆ. ಗಡಿಯ ಎರಡೂ ಬದಿಗಳಲ್ಲಿ ಪದ ಒಂದೇ ಆಗಿದ್ದರೂ ಪರೀಕ್ಷೆಗಳು ಮಾತ್ರ ಬೇರೆಯಾದವು. ಮಹಾರಾಷ್ಟ್ರದಲ್ಲಿ ಸಹಕಾರ ಇಲಾಖೆ ಸಹಕಾರ ಮತ್ತು ಲೆಕ್ಕಪತ್ರದ ಸರ್ಕಾರಿ ಡಿಪ್ಲೊಮಾ ಪರೀಕ್ಷೆಯನ್ನು ನಡೆಸುತ್ತದೆ. ಕರ್ನಾಟಕದಲ್ಲಿ ರಾಜ್ಯ ಸಹಕಾರ ಮಹಾಮಂಡಳ ತನ್ನ ತರಬೇತಿ ಸಂಸ್ಥೆಗಳ ಮೂಲಕ ಸಹಕಾರ ನಿರ್ವಹಣೆಯ ಡಿಪ್ಲೊಮಾವನ್ನು ನೀಡುತ್ತದೆ.

ಪರೀಕ್ಷೆಯನ್ನು ನಡೆಸುವ ಬಗೆ

ವ್ಯಕ್ತಿಗಳನ್ನು ಪ್ರಮಾಣೀಕರಿಸುವ ಸಂಸ್ಥೆಗಳಿಗಾಗಿ ಐ.ಎಸ್.ಒ. 17024 ಎಂಬ ಅಂತರರಾಷ್ಟ್ರೀಯ ಮಾನಕವಿದೆ. 2012ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಅದರ ತಿರುಳು ಸರಳವಾಗಿದೆ: ಕಲಿಸುವ ಕೆಲಸ ಪರೀಕ್ಷಿಸುವ ಕೆಲಸದ ನಿಷ್ಪಕ್ಷಪಾತಕ್ಕೆ ಧಕ್ಕೆ ತರಬಾರದು, ಪ್ರಶ್ನೆಗಳು ವೃತ್ತಿಯ ನಿಜವಾದ ಕಾರ್ಯಗಳಿಂದ ಹುಟ್ಟಬೇಕು, ಗೌಪ್ಯ ಕಾಪಾಡಬೇಕು, ಅಭ್ಯರ್ಥಿಗೆ ಮೇಲ್ಮನವಿಯ ದಾರಿ ಇರಬೇಕು.

ಆದ್ದರಿಂದ ಮೊದಲ ಹೆಜ್ಜೆ ವೃತ್ತಿಯ ವಿಶ್ಲೇಷಣೆ. ಉದ್ರಿ ನೋಡುವವನು ದಿನವಿಡೀ ಏನು ಮಾಡುತ್ತಾನೆ, ಯಾವ ತಪ್ಪಿನಿಂದ ಹೆಚ್ಚು ಹಾನಿ ಎಂಬುದನ್ನು ಅನುಭವಿಗಳಿಂದ ತಿಳಿದು, ಯಾವ ವಿಷಯಕ್ಕೆ ಎಷ್ಟು ಅಂಕವೆಂಬ ನಕಾಶೆಯನ್ನು ರಚಿಸಲಾಗುತ್ತದೆ. ಎರಡನೆಯದು ಪ್ರಶ್ನೆಗಳ ಭಂಡಾರ. ಮೂರನೆಯದು ಉತ್ತೀರ್ಣತೆಯ ಗೆರೆ. ಅದನ್ನು ಅಂದಾಜಿನಿಂದ ಎಳೆಯದೆ, ವೃತ್ತಿಗೆ ಸಾಕಾಗುವಷ್ಟೇ ಯೋಗ್ಯತೆಯುಳ್ಳ ನೂರು ಜನರಲ್ಲಿ ಎಷ್ಟು ಮಂದಿ ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸಿಯಾರು ಎಂದು ತಜ್ಞರಿಂದ ಪ್ರಶ್ನೆವಾರು ತೀರ್ಮಾನ ಪಡೆದು ಸರಾಸರಿ ಮಾಡುವುದು ಒಂದು ಪ್ರಸಿದ್ಧ ವಿಧಾನ. ವಿಲಿಯಂ ಆಂಗಾಫ್ 1971ರಲ್ಲಿ ವಿವರಿಸಿದ ಕಾರಣ ಅದಕ್ಕೆ ಅವರ ಹೆಸರೇ ನಿಂತಿದೆ. ಬಳಿಕ ಕೇಂದ್ರಗಳ ಆಯ್ಕೆ, ಗುರುತಿನ ತಪಾಸಣೆ, ಮೇಲ್ವಿಚಾರಣೆ, ಮೌಲ್ಯಮಾಪನ, ಆಕ್ಷೇಪಣೆಗಳ ವಿಚಾರಣೆ ಬರುತ್ತವೆ. ಕಾಯಿದೆ ಬದಲಾಗುತ್ತಿರುವುದರಿಂದ ಪ್ರಮಾಣಪತ್ರವನ್ನು ನಿಯತ ಕಾಲದಲ್ಲಿ ನವೀಕರಿಸುವ ನಿಯಮವೂ ಹಲವೆಡೆ ಇದೆ.

ಈ ಎಲ್ಲ ಹೆಜ್ಜೆಗಳ ಗುರಿ ಒಂದೇ: ವಿದ್ಯೆಯಲ್ಲದ ಬೇರಾವ ಕಾರಣದಿಂದಲೂ ಅಭ್ಯರ್ಥಿ ಗೆಲ್ಲಬಾರದು, ಸೋಲಲೂಬಾರದು. ಭಾಷೆಯ ಪ್ರಶ್ನೆ ಏಳುವುದು ಇಲ್ಲಿಯೇ.

ಅನುವಾದದ ಅಪಾಯ

ಪ್ರಶ್ನೆಪತ್ರಿಕೆಯನ್ನು ಕನ್ನಡಕ್ಕೆ ತಂದರೆ ಸಾಕೆಂಬುದು ಸಾಮಾನ್ಯ ಅಭಿಪ್ರಾಯ. ತರುವ ಬಗೆ ತಪ್ಪಿದರೆ ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಕ್ರೆಡಿಟ್ ಎಂಬ ಒಂದೇ ಪದವನ್ನು ನೋಡಿ. ವ್ಯಾಪಾರದ ಮಾತಿನಲ್ಲಿ ಅದು ಉದ್ರಿ. ಖತಾವಣಿಯಲ್ಲಿ ಅದು ಜಮೆ. ಪೇಟೆಯಲ್ಲಿ ಒಬ್ಬನ ಹೆಸರಿಗಿರುವ ಬೆಲೆಯ ಅರ್ಥದಲ್ಲಿ ಅದು ಪತ್ತು. ಗಿರಾಕಿಯ ಖಾತೆಯಲ್ಲಿ ಕ್ರೆಡಿಟ್ ಬಾಕಿ ಇದೆ ಎಂದರೆ ಅವನ ಹಣ ನಮ್ಮಲ್ಲಿ ಜಮೆಯಿದೆ, ನಾವೇ ಅವನಿಗೆ ಕೊಡಬೇಕು ಎಂದು ಅರ್ಥ. ಅನುವಾದಕನು ಅದನ್ನು ಉದ್ರಿ ಬಾಕಿ ಎಂದು ಬರೆದರೆ ಅವನೇ ನಮಗೆ ಕೊಡಬೇಕೆಂದಾಗಿ ಪ್ರಶ್ನೆ ತಲೆಕೆಳಗಾಗುತ್ತದೆ. ಲೆಕ್ಕವನ್ನು ಬಲ್ಲ ಅಭ್ಯರ್ಥಿ, ಬಲ್ಲ ಕಾರಣದಿಂದಲೇ, ತಪ್ಪು ಉತ್ತರವನ್ನು ಗುರುತಿಸುತ್ತಾನೆ.

ಇಂಥ ಪದಗಳು ಇನ್ನೂ ಇವೆ. ಸೆಕ್ಯುರಿಟಿ ಎಂಬುದು ಒತ್ತೆಯೂ ಹೌದು, ಷೇರು ಮೊದಲಾದ ಪತ್ರವೂ ಹೌದು. ಭದ್ರತೆ ಎಂದಷ್ಟೇ ಬರೆದರೆ ಕಾವಲಿನ ಅರ್ಥವೂ ಬರುತ್ತದೆ. ಪ್ರೊವಿಜನ್ ಎಂಬುದು ಕಾಯಿದೆಯಲ್ಲಿ ಉಪಬಂಧ, ಲೆಕ್ಕದಲ್ಲಿ ಮುಂದಿನ ನಷ್ಟಕ್ಕೆಂದು ಎತ್ತಿಟ್ಟ ಮೊತ್ತ. ಅವಕಾಶ ಎಂದು ಬರೆದರೆ ಎರಡೂ ಅಲ್ಲ. ಇಂಟರೆಸ್ಟ್ ಎಂಬುದು ಬಡ್ಡಿಯೂ ಆಗಬಹುದು, ಆಸ್ತಿಯಲ್ಲಿರುವ ಹಕ್ಕೂ ಆಗಬಹುದು. ನಿಘಂಟನ್ನಷ್ಟೇ ನಂಬಿದ ಅನುವಾದಕನಿಗಿಂತ, ಕಿರ್ದಿ ಬರೆದು ಕೈ ಪಳಗಿದ ಗುಮಾಸ್ತನು ಇಲ್ಲಿ ಹೆಚ್ಚು ಸಹಾಯಕನಾಗಬಲ್ಲನು.

ಎರಡು ಭಾಷೆಗಳಲ್ಲಿ ಅಚ್ಚಾದ ಪತ್ರಿಕೆಗಳಲ್ಲಿ, ಸಂದೇಹ ಬಂದಾಗ ಇಂಗ್ಲಿಷ್ ಪಾಠವೇ ಅಂತಿಮ ಎಂಬ ಸೂಚನೆಯನ್ನು ನಾವು ಕಂಡಿದ್ದೇವೆ. ಅನುವಾದಕನ ತಪ್ಪಿಗೆ ಅಭ್ಯರ್ಥಿ ದಂಡ ತೆರಬೇಕೆಂಬುದೇ ಇದರ ಫಲಿತಾರ್ಥ. ಪಾಠಗಳು ಹೊಂದದಿದ್ದರೆ ಆ ಪ್ರಶ್ನೆಯನ್ನೇ ಎಲ್ಲರಿಗೂ ಕೈಬಿಟ್ಟು ಅಂಕಗಳನ್ನು ಮರುಗಣಿಸುವುದು ನ್ಯಾಯವಾದ ಕ್ರಮ.

ಗಡಿಯ ಅಭ್ಯರ್ಥಿ

ಈಗಿನ ಸ್ಥಿತಿ ವಿಚಾರಾರ್ಹವಾಗಿದೆ. 2008ರಲ್ಲಿ ರಿಸರ್ವ್ ಬ್ಯಾಂಕು ಸಾಲ ವಸೂಲಿ ಪ್ರತಿನಿಧಿಗಳಿಗೆ ತರಬೇತಿ ಮತ್ತು ಪರೀಕ್ಷೆ ಇರಬೇಕೆಂದು ವಿಧಿಸಿತು. ಆ ಪರೀಕ್ಷೆಯನ್ನು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಬರೆಯಬಹುದು. ಆದರೆ ಸಾಲ ನಿರ್ಣಯಿಸುವ ಅಧಿಕಾರಿಯ ಪರೀಕ್ಷೆ ಇಂಗ್ಲಿಷಿನಲ್ಲಿದೆ. ಎಂದರೆ ಬಾಕಿ ಕೇಳಲು ಮನೆಬಾಗಿಲಿಗೆ ಹೋಗುವವನಿಗೆ ಕನ್ನಡ ದೊರೆಯಿತು. ಯಾರಿಗೆ ಸಾಲ ಕೊಡಬೇಕೆಂದು ತೀರ್ಮಾನಿಸುವ ಮೇಜಿನ ಬಳಿಗೆ ಅದು ಬರಲಿಲ್ಲ.

ನೇಮಕಾತಿಯ ಪರೀಕ್ಷೆಗಳಲ್ಲಿ ಇನ್ನೊಂದು ಬಗೆಯ ತೊಡಕಿದೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ನಿರ್ಧಾರ 2019ರಲ್ಲಿ ಪ್ರಕಟವಾಯಿತು. 2021ರಲ್ಲಿ ಸಾರ್ವಜನಿಕ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಗೂ ಅದು ವಿಸ್ತರಿಸಿತು. ಕನ್ನಡಕ್ಕೆ ಇದು ದೊಡ್ಡ ಲಾಭವೇ ಸರಿ. ಆದರೆ ಭಾಷೆಯನ್ನು ಇಲ್ಲಿ ರಾಜ್ಯವನ್ನು ಅನುಸರಿಸಿ ನಿಗದಿಪಡಿಸಲಾಗಿದೆ. ಕನ್ನಡದಲ್ಲಿ ಓದಿ ಮಹಾರಾಷ್ಟ್ರದ ಹುದ್ದೆಗೆ ಅರ್ಜಿ ಹಾಕುವ ಗಡಹಿಂಗ್ಲಜದ ತರುಣಿಗೆ ಆ ಲಾಭ ಮುಟ್ಟುವುದಿಲ್ಲ.

ಇದರ ಬೇರು ಹಳೆಯದು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರ ಸರ್ಕಾರ 1956ರಲ್ಲಿ ಹೊರಡಿಸಿದ ಜ್ಞಾಪನಪತ್ರದಲ್ಲಿ, ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ 15ರಿಂದ 20ರಷ್ಟಿರುವ ಭಾಷೆಗೆ ರಾಜ್ಯಸೇವೆಯ ಪರೀಕ್ಷಾ ಮಾಧ್ಯಮದ ಆಯ್ಕೆ ಇರಬೇಕೆಂದು ಸೂಚಿಸಲಾಯಿತು. 2011ರ ಜನಗಣತಿಯಂತೆ ಮಹಾರಾಷ್ಟ್ರದ ಕನ್ನಡಿಗರು ಸುಮಾರು 10 ಲಕ್ಷ. 11 ಕೋಟಿಯನ್ನು ಮೀರಿದ ಜನಸಂಖ್ಯೆಯಲ್ಲಿ ಇದು ನೂರಕ್ಕೆ ಒಂದಕ್ಕೂ ಕಡಿಮೆ. ರಾಜ್ಯವನ್ನೇ ಅಳತೆಗೋಲು ಮಾಡಿದರೆ ಗಡಿಯ ತಾಲೂಕುಗಳಲ್ಲಿ ಒತ್ತಾಗಿರುವ ಭಾಷಾಸಮುದಾಯ ಎಂದಿಗೂ ಲೆಕ್ಕಕ್ಕೆ ಬರುವುದಿಲ್ಲ. ಸಂವಿಧಾನದ 350 ಬಿ ವಿಧಿಯಂತೆ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಮುಂದೆ ಇಡಬೇಕಾದ ವಿಷಯ ಇದು.

ಮಾಡಬಹುದಾದದ್ದು

ಇದಕ್ಕೆ ಆಕ್ಷೇಪವೂ ಉಂಟು. ಇಚಲಕರಂಜಿಯಲ್ಲಿ ಉದ್ರಿ ನೋಡುವವನು ಮರಾಠಿಯ ಗಿರಾಕಿಯೊಡನೆ ಮಾತನಾಡಬೇಕು, ಇಂಗ್ಲಿಷಿನ ಕರಾರುಪತ್ರವನ್ನು ಓದಬೇಕು. ಆದ್ದರಿಂದ ಆ ಭಾಷೆಗಳ ಜ್ಞಾನವೂ ಯೋಗ್ಯತೆಯ ಭಾಗವೇ ಅಲ್ಲವೇ? ಹೌದು. ಆದರೆ ಅದನ್ನು ಭಾಷೆಯ ಪರೀಕ್ಷೆಯಾಗಿ ಪ್ರತ್ಯೇಕವಾಗಿ ನಡೆಸಬಹುದು. 1956ರ ಜ್ಞಾಪನಪತ್ರವೂ ಹೇಳಿದ್ದು ಇದನ್ನೇ: ರಾಜ್ಯಭಾಷೆಯ ಪರೀಕ್ಷೆ ಆಯ್ಕೆಯ ನಂತರ, ಪರೀಕ್ಷಾರ್ಥ ಸೇವೆಯ ಅವಧಿ ಮುಗಿಯುವುದರೊಳಗೆ. ತಃಖ್ತೆಯನ್ನು ವಿಶ್ಲೇಷಿಸುವ ಬುದ್ಧಿಯನ್ನು ಅಳೆಯುವಾಗ ಭಾಷೆಯ ತೊಡಕನ್ನು ಅದರೊಳಗೆ ಬೆರೆಸಿದರೆ ಎರಡನ್ನೂ ಸರಿಯಾಗಿ ಅಳೆದಂತಾಗುವುದಿಲ್ಲ.

ಹೀಗಾಗಿ ಮೂರು ಕೆಲಸಗಳು ಆಗಬೇಕಾಗಿವೆ. ಪರೀಕ್ಷೆಯ ಭಾಷೆಯನ್ನು ಹುದ್ದೆಯಿರುವ ರಾಜ್ಯದ ಬದಲು ಅಭ್ಯರ್ಥಿಯೇ ಆರಿಸುವಂತಿರಬೇಕು; ಪ್ರಶ್ನೆಗಳು ಗಣಕದ ಪರದೆಯ ಮೇಲೆ ಮೂಡುವ ಈ ಕಾಲದಲ್ಲಿ ಬೆಳಗಾವಿಯ ಕನ್ನಡ ಪಾಠವನ್ನೇ ಕೊಲ್ಹಾಪುರದಲ್ಲಿ ತೋರಿಸಲು ಮುದ್ರಣದ ಖರ್ಚೂ ಇಲ್ಲ. ಪ್ರಶ್ನೆಗಳನ್ನು ಕನ್ನಡಕ್ಕೆ ತಂದ ಮೇಲೆ ಮೂಲವನ್ನು ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಂದು ಹೋಲಿಸಬೇಕು. ಮೂರನೆಯದು ನಮ್ಮದೇ ಕೆಲಸ: ಉದ್ರಿ, ಜಮೆ, ಪತ್ತು, ಒತ್ತೆ, ಟಂಚ್, ಕಿರ್ದಿ ಮುಂತಾಗಿ ಈ ಸೀಮೆಯ ಪೇಟೆಗಳಲ್ಲಿ ಜೀವಂತವಾಗಿರುವ ಪದಗಳನ್ನು ಅವುಗಳ ಖಚಿತವಾದ ಅರ್ಥದೊಡನೆ ಸಂಗ್ರಹಿಸಿ ಪರೀಕ್ಷಾ ಸಂಸ್ಥೆಗಳ ಕೈಗೆ ಕೊಡಬೇಕು. ಹಳೆಯ ಖತಾವಣಿಗಳನ್ನು ಬರೆದ ಹಿರಿಯರು ಇರುವಾಗಲೇ ಇದು ನಡೆಯಬೇಕು.

ಹುಪರಿಯ ವ್ಯಾಪಾರಿ ಬೆಳ್ಳಿಯ ತೂಕ ಮತ್ತು ಟಂಚನ್ನು ಬೇರೆ ಬೇರೆಯಾಗಿ ನೋಡುತ್ತಾನೆ. ಒಂದರ ಅಳತೆಯಿಂದ ಇನ್ನೊಂದನ್ನು ಊಹಿಸುವುದಿಲ್ಲ. ವಿದ್ಯೆಯನ್ನೂ ಭಾಷೆಯನ್ನೂ ಅಳೆಯುವ ಪರೀಕ್ಷಾ ಸಂಸ್ಥೆಗಳಿಂದ ಗಡಿಯ ಕನ್ನಡಿಗರು ಕೇಳುತ್ತಿರುವುದೂ ಅಷ್ಟನ್ನೇ.