ಬಿಟ್ಟುಹೋದ ಪಾಠ, ಬಿಟ್ಟಲ್ಲಿಂದಲೇ

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪಾಠ ಎರಡು ಬಗೆಯಲ್ಲಿ ತಪ್ಪುತ್ತದೆ. ಶಾಲೆಗೆ ಬಾರದ ದಿನಗಳ ಪಾಠ ಹಾಜರಿ ಪುಸ್ತಕದಲ್ಲಿ ಕಾಣುತ್ತದೆ. ತರಗತಿಯಲ್ಲೇ ಕೂತಿದ್ದರೂ ಕಿವಿಗೆ ಬೀಳದೆ, ಕಣ್ಣಿಗೆ ನಿಲುಕದೆ ಹೋದ ಪಾಠ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಎರಡೂ ಕೂಡಿದಾಗ ಐದನೇ ತರಗತಿಯ ಮಗು ಎರಡನೇ ತರಗತಿಯ ಓದಿನಲ್ಲಿ ನಿಂತುಬಿಡುತ್ತದೆ.

ಬಾಗಲಕೋಟೆ ಜಿಲ್ಲೆಯಲ್ಲಿ ಶಾಲೆ ತಪ್ಪುವುದಕ್ಕೆ ಕಾರಣಗಳು ಊರೂರಿಗೆ ಬೇರೆ. ಬಾದಾಮಿ, ಹುನಗುಂದದ ಮಳೆಯಾಶ್ರಿತ ಹಳ್ಳಿಗಳಿಂದ, ತಾಂಡಾಗಳಿಂದ ಅನೇಕ ಕುಟುಂಬಗಳು ಮಂಗಳೂರು, ಉಡುಪಿ, ಗೋವಾ ಕಡೆಗೆ ಗುಳೆ ಹೋಗುತ್ತವೆ. ನಡೆಯಲಾಗದ ಮಗುವನ್ನು ಕರೆದುಕೊಂಡು ಹೋದರೆ ಅಲ್ಲಿ ಶಾಲೆ ಸಿಗುವುದು ಕಷ್ಟ. ಬಿಟ್ಟು ಹೋದರೆ ಅಜ್ಜಿಗೆ ಆ ಮಗುವನ್ನು ಎತ್ತಿಕೊಂಡು ಶಾಲೆ ಮುಟ್ಟಿಸುವ ಶಕ್ತಿ ಇರುವುದಿಲ್ಲ. ಇಳಕಲ್ಲಿನ ನೇಕಾರರ ಮನೆಯಲ್ಲಿ ತೊಡಕು ಇನ್ನೊಂದು ಬಗೆಯದು. ಮೂರ್ಛೆರೋಗದ ತಪಾಸಣೆಗೋ ಫಿಜಿಯೋಥೆರಪಿಗೋ ಬಾಗಲಕೋಟೆಗೆ, ಇಲ್ಲವೆ ಹುಬ್ಬಳ್ಳಿಗೆ ಹೊರಟರೆ ಮಗುವಿನ ಶಾಲೆಯೂ ತಪ್ಪುತ್ತದೆ, ತಾಯಿಯ ಮಗ್ಗವೂ ನಿಲ್ಲುತ್ತದೆ. ಇವುಗಳ ಮೇಲೆ ಹೊಳೆಯ ಕಾಟ ಬೇರೆ. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ಭಾಗದ ಹಳ್ಳಿಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳೂ ನೀರಿನಲ್ಲಿ ನಿಂತವು. ಅದರಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಶಾಲೆಗಳೇ ಮುಚ್ಚಿದವು.

ಕಾನೂನು ಈ ಮಕ್ಕಳ ಪರವಾಗಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಓರಗೆಯವರನ್ನು ಸರಿಗಟ್ಟಲು ವಿಶೇಷ ತರಬೇತಿ ಕೊಡಬೇಕು. ತರಬೇತಿಯ ಅವಧಿ ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ. 2012ರ ತಿದ್ದುಪಡಿ ತೀವ್ರ ಹಾಗೂ ಬಹುವಿಧ ನ್ಯೂನತೆಯ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಅವಕಾಶ ಕೊಟ್ಟಿತು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಶೇ 40 ಅಥವಾ ಅದಕ್ಕೂ ಹೆಚ್ಚಿನ ನ್ಯೂನತೆ ಇರುವವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ನೀಡಿದೆ. ದಾಖಲಾತಿ ಒಂದು ದಿನದ ಕೆಲಸ, ತರಬೇತಿ ವರ್ಷಗಟ್ಟಲೆಯದು. ಆದ್ದರಿಂದ ಮೊದಲನೆಯದು ಆಗಿ ಎರಡನೆಯದು ಉಳಿದುಬಿಡುವ ಸಂಭವವೇ ಹೆಚ್ಚು.

ಈ ಕೆಲಸಕ್ಕೆಂದೇ ಸಮಗ್ರ ಶಿಕ್ಷಣ ಯೋಜನೆಯಡಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ, ಅಂದರೆ ಎಲ್ಲರೂ ಬಿಆರ್‌ಸಿ ಎನ್ನುವ ಕಚೇರಿಯಲ್ಲಿ, ವಿಶೇಷ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಶಾಲೆಗಳಲ್ಲಿ ಅವರಿಗೆ ಬಿಐಇಆರ್‌ಟಿ ಎಂದೇ ಹೆಸರು. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಪಾಠ ಹೇಳುವುದು, ಶಾಲೆಗೆ ಬರುವವರ ಬಗ್ಗೆ ತರಗತಿ ಶಿಕ್ಷಕರಿಗೆ ದಾರಿ ತೋರಿಸುವುದು, ವೈದ್ಯಕೀಯ ಶಿಬಿರಕ್ಕೆ ಕರೆತರುವುದು ಇವರ ಕೆಲಸ. ಮಗುವನ್ನು ಕರೆತರುವವರಿಗೆ ಬೆಂಗಾವಲು ಭತ್ಯೆ, ಪ್ರಯಾಣ ಭತ್ಯೆ, ಹೆಣ್ಣುಮಕ್ಕಳಿಗೆ ಶಿಷ್ಯವೇತನ ಇದೇ ಯೋಜನೆಯಲ್ಲಿವೆ. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಊರಿನ ಇಂಥ ಮಕ್ಕಳನ್ನು ಬಲ್ಲವರು.

ಕಲಿಸುವ ಕೆಲಸ ಶುರುವಾಗುವುದು ಮಗು ಎಲ್ಲಿ ನಿಂತಿದೆ ಎಂದು ಕಂಡುಕೊಳ್ಳುವುದರಿಂದ. ಕರ್ನಾಟಕದ ಶಿಕ್ಷಕರಿಗೆ ಇದು ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಹದಿನೈದು ದಿನ ಬಿಟ್ಟು ಬಂದ ಮಗು ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಆದರೆ ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ಈ ಮಕ್ಕಳ ತೊಂದರೆ ಬಯಲಾಗುವುದು ಹೆಚ್ಚಾಗಿ ಆಮೇಲೆಯೇ.

ಹಿಂದುಳಿದ ಮಗುವಿಗೆ ಇಡೀ ಎರಡನೇ ತರಗತಿಯನ್ನು ಮತ್ತೆ ಕಲಿಸಬೇಕಾಗಿಲ್ಲ. ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದು ಬಾರದ ಮಗುವಿಗೆ ಎಷ್ಟೋ ಸಲ ಕಳೆಯುವುದು ಗೊತ್ತಿರುತ್ತದೆ, ಬಿಡಿ-ಹತ್ತರ ಸ್ಥಾನಬೆಲೆ ಮಾತ್ರ ಗೊತ್ತಿರುವುದಿಲ್ಲ. ಹತ್ತು ಕಡ್ಡಿಯ ಕಟ್ಟು ಕಟ್ಟಿ ಬಿಚ್ಚಿಸಿದರೆ, ಇಳಕಲ್ಲಿನ ಮಗುವಿಗೆ ಮನೆಯ ಕಂಡಿಕೆಗಳನ್ನೇ ಹತ್ತತ್ತು ಗುಡ್ಡೆ ಮಾಡಿಸಿದರೆ, ಆ ಕೊರತೆಯೊಂದೇ ತುಂಬುತ್ತದೆ. ಕನ್ನಡ ಓದಿನಲ್ಲಿ ಎಡವುವ ಜಾಗ ಸಾಮಾನ್ಯವಾಗಿ ಕಾಗುಣಿತ ಮತ್ತು ಒತ್ತಕ್ಷರ. ಓದಿನ ನ್ಯೂನತೆ ಇರುವ ಮಗುವಿಗೆ ಮ-ವ, ಪ-ಷ ಇಂಥ ಹೋಲುವ ಅಕ್ಷರಗಳನ್ನು ಒಟ್ಟೊಟ್ಟಿಗೆ ಕಲಿಸದೆ ಅಂತರ ಕೊಟ್ಟು, ಮರಳಿನಲ್ಲಿ ಬರೆಸುತ್ತಾ, ಬಾಯಲ್ಲಿ ಹೇಳಿಸುತ್ತಾ ಕಲಿಸುವುದು ಒಳ್ಳೆಯದು. ಕಿವಿ ಮಂದವಿರುವ ಮಗು ಮುಂದಿನ ಸಾಲಿನಲ್ಲಿರಬೇಕು; ಶಿಕ್ಷಕರು ಹಲಗೆಯ ಕಡೆ ತಿರುಗಿ ಮಾತನಾಡಿದಷ್ಟೂ ಹೊತ್ತಿನ ಪಾಠ ಅದರ ಪಾಲಿಗೆ ಇಲ್ಲವೇ ಇಲ್ಲ.

ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಇಳಕಲ್ಲಿನ ಅನೇಕ ಮಕ್ಕಳದು ಉರ್ದು. ಪಠ್ಯದ ಕನ್ನಡ ಅರ್ಥವಾಗದಿರುವುದನ್ನು ಬುದ್ಧಿಮಾಂದ್ಯ ಎಂದು ಬರೆದುಬಿಟ್ಟರೆ ಆ ಹಣೆಪಟ್ಟಿ ಎಸ್ಸೆಸ್ಸೆಲ್ಸಿವರೆಗೂ ಕಳಚುವುದಿಲ್ಲ. ಮನೆಮಾತಿನಲ್ಲೂ ಒಮ್ಮೆ ಕೇಳಿ ನೋಡಬೇಕು. ಅದಕ್ಕೂ ಮೊದಲು ಕಣ್ಣು, ಕಿವಿ ತೋರಿಸಬೇಕು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿಗೂ ಶಾಲೆಗೂ ಬರುತ್ತವೆ. ಎಷ್ಟೋ ಸಲ ಕನ್ನಡಕ ಅಥವಾ ಶ್ರವಣಸಾಧನದಿಂದಲೇ ಅರ್ಧ ತೊಂದರೆ ನೀಗುತ್ತದೆ.

ಸಮಯದ ವಿಚಾರದಲ್ಲಿ ಭಾನುವಾರದ ಮೂರು ತಾಸಿಗಿಂತ ದಿನಕ್ಕೆ ಅರ್ಧ ತಾಸು ಮೇಲು. ಆ ಅರ್ಧ ತಾಸನ್ನು ಆಟದ ಅವಧಿಯಿಂದ ಕಿತ್ತುಕೊಳ್ಳುವುದು ಮಾತ್ರ ಕೆಟ್ಟ ರೂಢಿ: ಗೆಳೆಯರ ಜೊತೆ ಸಮಸಮ ನಿಲ್ಲುವ ಒಂದೇ ಹೊತ್ತು ಈ ಮಕ್ಕಳಿಗೆ ಅದು. ಕೋವಿಡ್ ನಂತರ ರಾಜ್ಯ 2022-23ನ್ನು ಕಲಿಕಾ ಚೇತರಿಕೆಯ ವರ್ಷವೆಂದು ಸಾರಿ, ಮೇ 16ಕ್ಕೇ ಶಾಲೆ ತೆರೆದು, ಹಿಂದಿನ ತರಗತಿಗಳ ಕಲಿಕೆಯನ್ನು ಕಲಿಕಾ ಹಾಳೆಗಳ ಮೂಲಕ ಮರಳಿಸಲು ಹೊರಟಿತು. ಅಂಥ ಹಾಳೆ ಮಂದದೃಷ್ಟಿಯ ಮಗುವಿಗೆ ದೊಡ್ಡಕ್ಷರದಲ್ಲಿ ಬೇಕು, ಬೆರಳು ಹಿಡಿತವಿಲ್ಲದ ಮಗುವಿಗೆ ಬಾಯಿಮಾತಿನ ಉತ್ತರಕ್ಕೆ ಒಗ್ಗಬೇಕು.

ಹೈಸ್ಕೂಲಿಗೆ ಬಂದಮೇಲೆ ಕಾಗದಪತ್ರ ಮುಖ್ಯವಾಗುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಈ ಮಕ್ಕಳಿಗೆ ಹೆಚ್ಚುವರಿ ಸಮಯವೂ ಸಿಗುತ್ತದೆ, ಬರೆಯಲು ಸಹಾಯಕರೂ ಸಿಗುತ್ತಾರೆ. ಅದಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಹತ್ತನೆಯ ತರಗತಿಯ ಜನವರಿಯಲ್ಲಿ ಓಡಾಡುವುದಕ್ಕಿಂತ ಎಂಟರಲ್ಲೇ ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡ್ ಮಾಡಿಸಿಟ್ಟುಕೊಳ್ಳುವುದು ಲೇಸು. ಗುಳೆ ಹೋಗುವವರು ಶಾಲಾ ದಾಖಲೆಯಲ್ಲಿರುವ ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಉಡುಪಿಯ ಶಾಲೆಯಲ್ಲೂ ದಾಖಲೆ ಸಿಗುತ್ತದೆ. ವಯಸ್ಸು ಮೀರಿದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ದಾರಿ ಇದೆ: ಐದು ವಿಷಯಗಳನ್ನು 5 ವರ್ಷಗಳ ಅವಧಿಯಲ್ಲಿ, 9 ಅವಕಾಶಗಳೊಳಗೆ, ಒಂದೊಂದಾಗಿಯೂ ಬರೆದು ಮುಗಿಸಬಹುದು.