ಹುಲ್ಲಿನ ಟೋಪಿ ದಾಟಿದ ಬಂದರು

ಚಾರ್ಲ್‌ಸ್ಟನ್ ಬಂದರಿಗಾಗಿ ನಡೆದ ಕಾಳಗದ ಪುಸ್ತಕಗಳಲ್ಲಿ ಕೋಟೆ, ತೋಪು, ಕಬ್ಬಿಣದ ಹಡಗುಗಳದ್ದೇ ಗದ್ದಲ. ಓದುತ್ತಾ ಹೋದ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಹುಲ್ಲಿನ ಟೋಪಿ.

ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಮೆರಿಕದ ಅಂತರ್ಯುದ್ಧ ಶುರುವಾದದ್ದೇ 1861ರಲ್ಲಿ ಈ ಬಂದರಿನ ಬಾಯಲ್ಲಿರುವ ಸಮ್ಟರ್ ಕೋಟೆಯ ಮೇಲೆ ಬಿದ್ದ ಗುಂಡುಗಳಿಂದ. ಮರುವರ್ಷದ ಮೇ 13, ಇನ್ನೂ ಬೆಳಕು ಹರಿದಿರಲಿಲ್ಲ. ದಕ್ಷಿಣದವರ ‘ಪ್ಲಾಂಟರ್’ ಹಡಗಿನ ಬಿಳಿ ಅಧಿಕಾರಿಗಳು ರಾತ್ರಿ ಕಳೆಯಲು ಊರೊಳಗೆ ಹೋಗಿದ್ದರು. ಚುಕ್ಕಾಣಿ ಹಿಡಿಯುತ್ತಿದ್ದ ಗುಲಾಮ ರಾಬರ್ಟ್ ಸ್ಮಾಲ್ಸ್‌ಗೆ ಆಗ 23 ವರ್ಷ. ಹೆಂಡತಿ ಹ್ಯಾನಾಳನ್ನು ಅವಳ ಯಜಮಾನನಿಂದ ಬಿಡಿಸಿಕೊಳ್ಳಲು 800 ಡಾಲರ್ ಬೇಕಿತ್ತು. ಕೂಡಿಟ್ಟದ್ದು ಬರೀ 100. ಸಂಗಡಿಗರೊಡನೆ ಹಗ್ಗ ಬಿಚ್ಚಿದ. ಇನ್ನೊಂದು ಕಟ್ಟೆಯ ಬಳಿ ಕಾದಿದ್ದ ಹೆಂಗಸರು ಮಕ್ಕಳನ್ನು ಹತ್ತಿಸಿಕೊಂಡ. ಕ್ಯಾಪ್ಟನ್ನನ ಅಗಲ ಅಂಚಿನ ಹುಲ್ಲಿನ ಟೋಪಿಯನ್ನು ತಲೆಗಿಟ್ಟು, ಅವನ ಹಾಗೆಯೇ ಕೈಕಟ್ಟಿ ನಿಂತ. ಸಮ್ಟರ್ ಎದುರಾದಾಗ ಗುರುತಿನ ಸೀಟಿ ಹಾಕಿಸಿದ. ಕಾವಲಿನವರು ಹೋಗಗೊಟ್ಟರು. ತೋಪಿನ ಗುರಿ ದಾಟಿದ್ದೇ ಬಾವುಟ ಇಳಿಯಿತು, ಬಿಳಿ ಹಾಸಿಗೆ ಬಟ್ಟೆ ಏರಿತು. ಉತ್ತರದವರ ‘ಆನ್‌ವರ್ಡ್’ ಹಡಗು ಇನ್ನೇನು ಗುಂಡು ಹಾರಿಸಬೇಕು, ಅಷ್ಟರಲ್ಲಿ ಮಸುಕಿನಲ್ಲಿ ಆ ಬಿಳುಪು ಕಂಡಿತು.

ಹಡಗಿನಲ್ಲಿ ತೋಪುಗಳಿದ್ದವು. ಅವಕ್ಕಿಂತ ಬೆಲೆಯುಳ್ಳದ್ದು ಸ್ಮಾಲ್ಸ್‌ನ ತಲೆಯಲ್ಲಿತ್ತು: ನೀರು ಎಲ್ಲಿ ಆಳ, ಸಿಡಿಗುಂಡು ಎಲ್ಲಿ ಮುಳುಗಿದೆ, ಯಾವ ಕಾವಲು ಖಾಲಿಯಾಗಿದೆ.

ದಕ್ಷಿಣದ ಬಂದರುಗಳಿಗೆ ಉತ್ತರದವರು ಹಾಕಿದ್ದ ದಿಗ್ಬಂಧನದ ಬಿಸಿ ನಮ್ಮ ಕಡೆಗೂ ತಟ್ಟಿತ್ತು. ಅಮೆರಿಕದ ಹತ್ತಿ ನಿಂತು ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು.

1863ರ ಏಪ್ರಿಲ್ 7ರಂದು ಉತ್ತರದವರ ಒಂಬತ್ತು ಕಬ್ಬಿಣದ ಹಡಗುಗಳು ಚಾರ್ಲ್‌ಸ್ಟನ್ ಬಂದರಿಗೆ ನುಗ್ಗಿದವು. ಅವುಗಳಲ್ಲಿ ಒಂದಾದ ‘ಕಿಯೋಕುಕ್’ಗೆ ದಾರಿ ತೋರಿದವನು ಸ್ಮಾಲ್ಸ್. ಸುಮಾರು 90 ಏಟು ತಿಂದು ಅದು ಮರುದಿನ ಬೆಳಿಗ್ಗೆ ಮುಳುಗಿತು, ಅವನು ಬದುಕಿದ. ಮುಂದಿನದು ಮುತ್ತಿಗೆಯ ದಿನಚರಿ. ಕಡೆಗೂ ಸಮುದ್ರದಿಂದ ಯಾರೂ ಗೆಲ್ಲಲಿಲ್ಲ. ಒಳನಾಡಿನಲ್ಲಿ ಉತ್ತರದ ದಂಡನಾಯಕ ಶರ್ಮನ್ನನ ಸೇನೆ ಮುಂದುವರಿದಾಗ ದಕ್ಷಿಣದವರು ಊರು ತೆರವು ಮಾಡಿದರು. 1865ರ ಫೆಬ್ರವರಿ 18ರಂದು ಮೊದಲು ಕಾಲಿಟ್ಟವರಲ್ಲಿ ಕಪ್ಪು ಸೈನಿಕರ 21ನೇ ರೆಜಿಮೆಂಟ್ ಇತ್ತು.

ಸ್ಮಾಲ್ಸ್ ಮುಂದೆ ಅಮೆರಿಕ ಕಾಂಗ್ರೆಸ್ಸಿನ ಸದಸ್ಯನಾದ; ತಾನು ಗುಲಾಮನಾಗಿ ಹುಟ್ಟಿದ ಬ್ಯೂಫರ್ಟಿನ ಯಜಮಾನನ ಮನೆಯನ್ನೇ ಕೊಂಡ. ನನಗೆ ಸಂಕಟವಾಗುವುದು ‘ಪ್ಲಾಂಟರ್’ ಹಡಗನ್ನು ನೆನೆದಾಗ. ಮುಳುಗಿದ ‘ಕಿಯೋಕುಕ್’ನ ತೋಪನ್ನು ದಕ್ಷಿಣದವರು ರಾತ್ರಿಗಳಲ್ಲಿ ದುಡಿದು ಮೇಲೆತ್ತಿದ್ದರು, ಅದು ಇಂದು ಚಾರ್ಲ್‌ಸ್ಟನ್ನಿನ ಸಮುದ್ರ ದಂಡೆಯ ಉದ್ಯಾನದಲ್ಲಿದೆ, ಮಕ್ಕಳು ಮುಟ್ಟಿ ನೋಡಬಹುದು. ‘ಪ್ಲಾಂಟರ್’ 1876ರಲ್ಲಿ ಕೇಪ್ ರೊಮೇನ್ ಬಳಿ ದಡ ಹತ್ತಿ ಬಿರುಗಾಳಿಗೆ ಒಡೆಯಿತು. 2014ರಲ್ಲಿ ಅದರದ್ದೆಂದು ತಜ್ಞರು ನಂಬುವ ಜಾಗವೊಂದು ಸಿಕ್ಕಿತು, ಮರಳಿನ ಅಡಿಯಲ್ಲಿ.