ಪ್ರಸ್ತಾರವೂ ಊಹೆಯ ಉತ್ತರಗಳೂ

ಬೀದರ ನಗರ, ಭಾಲ್ಕಿ, ಔರಾದಗಳ ವಿದ್ಯಾರ್ಥಿಗಳು ವೃತ್ತಿಶಿಕ್ಷಣದ ಪ್ರವೇಶಕ್ಕಾಗಿ ಬರೆಯತಕ್ಕ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ವಿಷಯವೊಂದಕ್ಕೆ 60 ಪ್ರಶ್ನೆಗಳಿರುವುವು. ಪ್ರಶ್ನೆಯೊಂದಕ್ಕೆ ನಾಲ್ಕು ಉತ್ತರಗಳು, ಸರಿಯಾದುದಕ್ಕೆ 1 ಅಂಕ, ತಪ್ಪಿಗೆ ಕಡಿತವಿಲ್ಲ. ಏನನ್ನೂ ಅರಿಯದವನು ಕೇವಲ ಊಹೆಯಿಂದ ಎಷ್ಟನ್ನು ಗಳಿಸಬಲ್ಲನು? ಇದನ್ನು ಅಳೆಯುವ ಸಾಧನವು ಛಂದಸ್ಸನ್ನು ಬಲ್ಲವರಿಗೆ ಅಪರಿಚಿತವಲ್ಲ.

ನಾಲ್ಕು ಅಕ್ಷರಗಳ ಪಾದವನ್ನು ಪ್ರಸ್ತರಿಸಿದರೆ 16 ರೂಪಗಳಾಗುವುವು: ಗುರುವಿಲ್ಲದುದು 1, ಒಂದು ಗುರುವುಳ್ಳವು 4, ಎರಡುಳ್ಳವು 6, ಮೂರುಳ್ಳವು 4, ಸರ್ವಗುರು 1. ಗುರುವಿನ ಸ್ಥಾನದಲ್ಲಿ 'ಸರಿ', ಲಘುವಿನ ಸ್ಥಾನದಲ್ಲಿ 'ತಪ್ಪು' ಎಂದಿಟ್ಟರೆ ನಾಲ್ಕು ಪ್ರಶ್ನೆಗಳ ಫಲಗಳೆಲ್ಲವೂ ದೊರೆಯುವುವು. ಭೇದವೊಂದೇ: ಸರಿಗೆ ಒಂದು ದಾರಿ, ತಪ್ಪಿಗೆ ಮೂರು. ಆದಕಾರಣ ತಪ್ಪೊಂದಕ್ಕೆ ಒಂದಾವರ್ತಿಯಂತೆ ಮೂರರಿಂದ ಗುಣಿಸಬೇಕು. ಆಗ ಕ್ರಮವಾಗಿ 81, 108, 54, 12, 1 ಬರುವುವು, ಒಟ್ಟು 256. ಅರ್ಧವಾದರೂ ಸರಿಯಾಗುವ ಸಂಭವವು 256ರಲ್ಲಿ 67, ಎಂದರೆ ನೂರಕ್ಕೆ ಸುಮಾರು 26.

ಪ್ರಶ್ನೆಗಳು ಹೆಚ್ಚಿದಾಗ ಪ್ರಸ್ತಾರವನ್ನು ಬರೆದು ಮುಗಿಸಲಾಗದು, ಸೂತ್ರವು ಬೇಕು. ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸುವ ಬಗೆಗಳೆಷ್ಟೆಂಬ ಸಾಮಾನ್ಯ ಸೂತ್ರವನ್ನು 9ನೆಯ ಶತಮಾನದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿರುವನು. ಅವನು ಸ್ತುತಿಸಿರುವ ನೃಪತುಂಗನ ರಾಜಧಾನಿ ಮಾನ್ಯಖೇಟವು ಬೀದರಿಗೆ ನೆರೆಯಾದ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ಆ ಸೂತ್ರದಿಂದ ಎಣಿಸಿದರೆ, 10 ಪ್ರಶ್ನೆಗಳಲ್ಲಿ ಊಹೆಯಿಂದ ಅರ್ಧವಾದರೂ ಸರಿಯಾಗುವ ಸಂಭವವು ನೂರಕ್ಕೆ 8ಕ್ಕಿಂತ ಕಡಿಮೆ. 60ರಲ್ಲಿ ಲಕ್ಷಕ್ಕೆ 3ಕ್ಕಿಂತ ಕಡಿಮೆ. ಪರೀಕ್ಷೆಯು ದೀರ್ಘವಾದಷ್ಟೂ ಅದೃಷ್ಟವು ಕ್ಷೀಣಿಸುವುದು.

ಆದರೂ ಸರಾಸರಿಯಲ್ಲಿ 60ಕ್ಕೆ 15 ಊಹೆಯಿಂದಲೇ ಬರುವುವು. ಆದುದರಿಂದ 15 ಅಂಕಗಳನ್ನು ಕಂಡು 'ಕಾಲುಭಾಗ ಬಲ್ಲನು' ಎನ್ನುವುದು ಸಲ್ಲದು. ಸರಿಯಾದವುಗಳಿಂದ ತಪ್ಪಾದವುಗಳ ಮೂರನೆಯ ಒಂದು ಭಾಗವನ್ನು ಕಳೆದರೆ ಜ್ಞಾನದ ಅಂದಾಜು ದೊರೆಯುವುದು: 15 ಸರಿ, 45 ತಪ್ಪು ಎಂದಾದರೆ ಉಳಿಯುವುದು ಸೊನ್ನೆ. ಇದು ಕುರುಡೂಹೆಗೆ ಮಾತ್ರ ಸಲ್ಲುವ ಲೆಕ್ಕ. ಎರಡು ಉತ್ತರಗಳು ತಪ್ಪೆಂದು ತಿಳಿದು ಉಳಿದೆರಡರಲ್ಲಿ ಒಂದನ್ನು ಆರಿಸಿದವನ ಸಂಭವವು ಅರ್ಧ. ಅಲ್ಲಿ ಜ್ಞಾನವೂ ಬೆರೆತಿದೆ.

ಇನ್ನೊಂದು ಪಕ್ಷವೂ ಉಂಟು. ಕಡಿತವಿಲ್ಲದ ಪರೀಕ್ಷೆಯಲ್ಲಿ 20 ಪ್ರಶ್ನೆಗಳನ್ನು ಸಂಕೋಚದಿಂದ ಬಿಟ್ಟವನು ಸರಾಸರಿ 5 ಅಂಕಗಳನ್ನು ಕಳೆದುಕೊಳ್ಳುವನು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ ಸರಿಗೆ 4 ಅಂಕ, ತಪ್ಪಿಗೆ 1 ಅಂಕದ ಕಡಿತ. ಅಲ್ಲಿಯೂ ಊಹೆಯೊಂದಕ್ಕೆ ಸರಾಸರಿ ಕಾಲು ಅಂಕ ಲಾಭವೇ. ಈ ಲೆಕ್ಕವನ್ನು ಒಬ್ಬನಿಗೆ ತಿಳಿಸಿ ಮತ್ತೊಬ್ಬನಿಗೆ ತಿಳಿಸದಿದ್ದರೆ, ಸಮಾನವಾಗಿ ಕಲಿತ ಇಬ್ಬರಲ್ಲಿ ಸಂಕೋಚವುಳ್ಳವನೇ ಹಿಂದುಳಿಯುವನು. ಆದುದರಿಂದ ಇದನ್ನು ಎಲ್ಲರಿಗೂ ತಿಳಿಸುವುದು ಉಪಾಧ್ಯಾಯರ ಕರ್ತವ್ಯ.